ಕಂಡಕ್ಟರ್ ಬಾಯಾರ ಎಲುಬು, ಮೂರೂರ ಸಂತಿ

ಸುದ್ದಿ ಹುಡುಕ್ಕೊಂಡು ಹೋಗೂ ಚಟ ನನಗಿಲ್ಲ. ನಾ ಬಾಗಲದಾಗ ನಿಂತಿರತೇನಿ, ಸುದ್ದೀನ ಹತ್ತಿ ಬರತಾವ. ಬಿಜಾಪುರದ ಡಿಪೋದಾಗ ಕಂಡಕ್ಟರ್ ಆಗಿ ಇಪ್ಪತ್ತೆರಡು ವರ್ಷ ಆತು. ಬೋರ್ಡಿನ ಮ್ಯಾಲ ವಿಜಯಪುರ ಅಂತ ಬರದಾರ, ನನ್ನ ಬಾಯಾಗ ಇನ್ನೂ ಬಿಜಾಪುರಾನ ಬರತೈತಿ. ಮುಂಜಾನಿ ತಿಕೋಟಾ ಮ್ಯಾಲಿಂದ ಹೊನವಾಡಕ್ಕ ಎರಡು ಟ್ರಿಪ್, ಮಧ್ಯಾಹ್ನದ ಮ್ಯಾಲ ಬಬಲೇಶ್ವರ. ಈ ಗಾಡ್ಯಾಗ ಆಡು ಈದದ್ದು ನೋಡೀನಿ, ಇಟ್ಟಂಗಿಹಾಳದಾಗ ಜಗಳ ಚಾಲೂ ಮಾಡಿದ ಬೀಗರು ತಿಕೋಟಾ ಬರೂದರಾಗ ಒಂದ ಬುತ್ತ್ಯಾಗ ಉಂಡದ್ದೂ ನೋಡೀನಿ. ಅವೆಲ್ಲಾ ಮಂದಿ ಸುದ್ದಿ. ಇದು ನನ್ನ ಎಲುಬಿನ ಸುದ್ದಿ. ನಕ್ಕರ ನನಗ ಸಿಟ್ಟಿಲ್ಲ. ಹೋದ ವರ್ಷ ನಕ್ಕಿದ್ರ ನಡು ದಾರ್ಯಾಗ ಇಳಿಸಿ ಹೋಗತಿದ್ದೆ.

೧. ಬಂದ್ ಗಾಡ್ಯಾಗ ನಡಗಿದ ಬಶಿ

ನನ್ನ ಕೈ ನಡಗತಾವ ಅಂತ ನನಗ ಗೊತ್ತಾಗಲಿಲ್ಲ. ಹೆಂಗ ಗೊತ್ತಾಗಬೇಕು ಹೇಳ್ರಿ. ನಮ್ಮ ಗಾಡ್ಯಾಗ ಕಿಡಕಿ ನಡಗತಾವ, ಸೀಟು ನಡಗತಾವ, ಕುಂತ ಮಂದಿ ಗಲ್ಲ ನಡಗತಾವ. ಅದರಾಗ ನನ್ನ ಎರಡು ಕೈ ನಡಗಿದ್ರ ಯಾರು ಲೆಕ್ಕಾ ಇಡತಾರ? ಟಿಕೆಟ್ ಮಷೀನಿನ ಬಟನ್ ಒಂದು ಒತ್ತಿದ್ರ ಇನ್ನೊಂದು ಬೀಳತಿತ್ತು. ಘೋಣಸಗಿಗೆ ಹೊಂಟ ಅಜ್ಜಗ ಹೊನವಾಡದ ಟಿಕೆಟ್ ಬರತಿತ್ತು. ನಾ ರೋಡಿಗೆ ಬಯ್ಯತಿದ್ದೆ. ಎದಿ ಡಬಡಬ ಅಂದ್ರ ಇಂಜಿನ್ ಅನ್ಕೊಂಡೆ. ಮೈಯೆಲ್ಲಾ ಬೆವತು ಹೋದ್ರ ಬಿಜಾಪುರದ ಬ್ಯಾಸಗಿ ಅನ್ಕೊಂಡೆ. ಅದು ಚಳಿಗಾಲ ಅನ್ನೂದು ನೆನಪಿಗೆ ಬರಲಿಲ್ಲ.

ನನ್ನ ಜೋಡಿ ಇರೂ ಡ್ರೈವರ್ ನನಗಿಂತ ಹತ್ತು ವರ್ಷ ಸಣ್ಣಾಂವ. ಹನ್ನೊಂದು ವರ್ಷದಿಂದ ಇಬ್ಬರದೂ ಒಂದ ಗಾಡಿ. ಮಾತು ಭಾಳ ಕಡಿಮಿ ಆತನದು, ದಿನಕ್ಕ ಹತ್ತು ಮಾತಾಡಿದ್ರ ಹೆಚ್ಚು. ಒಂದಿನ ತಿಕೋಟಾ ಸ್ಟ್ಯಾಂಡಿನ್ಯಾಗ ಗಾಡಿ ನಿಂದ್ರಿಸಿ, ಇಂಜಿನ್ ಬಂದ್ ಮಾಡಿ, ಇಬ್ಬರೂ ಚಾ ತರಿಸಿಕೊಂಡ್ವಿ. ನಾ ಬಶ್ಯಾಗ ಸುರಕೊಂಡೆ. ಅಂವಾ ನನ್ನ ಬಶಿ ನೋಡಿದ, ಇಂಜಿನ್ ಕಡೆ ನೋಡಿದ, ಹೊಳ್ಳಿ ಬಶಿ ನೋಡಿದ.

‘ಅಕ್ಕಾರ, ಗಾಡಿ ಬಂದ್ ಐತ್ರಿ.’

‘ಗೊತ್ತೈತಿ.’

‘ಮತ್ತ ನಿಮ್ಮ ಚಾ ಯಾಕ ಇನ್ನೂ ಹೊನವಾಡಕ್ಕ ಹೊಂಟೈತಿ?’

೨. ಬೇಗ ಬಂದ ಬಸ್ಸು

ದವಾಖಾನಿಗೆ ತೋರಸ್ರಿ ಅಂತ ಅಂವಾ ಹೇಳಿದ. ನಾ ಹೋಗಲಿಲ್ಲ. ಯಾಕಂದ್ರ ಅಷ್ಟು ಚುರುಕು ನಾ ಮದುವಿಯಾದ ಹೊಸದಾಗೂ ಇದ್ದಿಲ್ಲ. ಮುಂಜಾನಿ ನಾಕಕ್ಕ ಎದ್ದು ಮನಿ ಸಾರಸಿ, ರೊಟ್ಟಿ ಬಡದು, ಬಾಜೂಕಿನವರ ಅಂಗಳಾನೂ ಕಸಾ ಹೊಡದು ಡ್ಯೂಟಿಗೆ ಬರತಿದ್ದೆ. ಎರಡು ರೊಟ್ಟಿ ಉಣ್ಣಾಕಿ ಐದು ಉಣ್ಣತಿದ್ದೆ, ಆದ್ರೂ ಮೈ ಇಳಕೋತ ಹೊಂಟಿತ್ತು. ಗಾಡ್ಯಾಗಿನ ಹೆಣ್ಣಮಕ್ಕಳು ನನ್ನ ಬಗಲಿಗೆ ಬಂದು, ‘ಏನ್ ತಗೋತೀರಿ ಬಾಯಾರ, ನಮಗೂ ಒಂದೀಟು ಹೇಳ್ರಲ್ಲ’ ಅಂತಿದ್ರು. ಐದು ರೊಟ್ಟಿ ತಗೋತೇನಿ ಅಂದ್ರ ನಂಬತಿದ್ದಿಲ್ಲ.

ಸಿಟ್ಟು ಮಾತ್ರ ಮೂಗಿನ ತುದ್ಯಾಗ. ಮಂದಿ ಒಂದು ಕಾಲು ಗಾಡ್ಯಾಗ ಇಟ್ಟಿರತಿದ್ರು, ಇನ್ನೊಂದು ಕಾಲು ನೆಲದ ಮ್ಯಾಲ ಇರತಿತ್ತು, ಅಷ್ಟರಾಗ ನಾ ಗಾಡಿ ಬಿಡಸತಿದ್ದೆ. ಹಂಗಾಗಿ ಎಂಟಕ್ಕ ಹೊನವಾಡ ಮುಟ್ಟೂ ಗಾಡಿ ಏಳೂಮುಕ್ಕಾಲಕ್ಕ ಮುಟ್ಟಾಕ ಹತ್ತಿತು. ಆ ಊರಾಗ ಗಡಿಯಾರ ನೋಡಿ ಯಾರೂ ಬಸ್ಸಿಗೆ ಬರೂದಿಲ್ಲ, ಬಸ್ ನೋಡಿ ಗಡಿಯಾರ ತಿರುವತಾರ. ನಮ್ಮ ಗಾಡಿ ಬಂತು ಅಂದ್ರ ಎಂಟು ಅಂತ ತಿಳಕೊಂಡು ಒಬ್ಬಾಕಿ ತನ್ನ ಗಂಡನ್ನ ಅರ್ಧ ಗಡ್ಡಾ ಬೋಳಿಸಿಕೊಂಡಾಗ ಮನಿ ಬಿಟ್ಟು ಓಡಿಸಿದ್ಳಂತ. ಅಂವಾ ಹಂಗ ತಿಕೋಟಾ ತನಕ ಬಂದ, ಒಂದು ಗಲ್ಲಕ್ಕ ಟವೆಲ್ ಹಿಡ್ಕೊಂಡು.

ಎಂಟು ದಿನಕ್ಕ ಡಿಪೋಕ್ಕ ಅರ್ಜಿ ಬಂತು. ಡಿಪೋ ಮ್ಯಾನೇಜರ್ ಸಾಹೇಬ್ರು ನನ್ನ ಕರಸಿ ಅದನ್ನ ಎರಡು ಸಲ ಓದಿದ್ರು, ಒಂದು ಸಲ ನನಗ, ಒಂದು ಸಲ ತಮಗ.

‘ನೋಡ್ರಿ ಬಾಯಾರ. ಬಸ್ ಬರಲಿಲ್ಲ ಅಂತ ಅರ್ಜಿ ಬಂದಾವ, ತಡಾ ಆತು ಅಂತ ಬಂದಾವ, ನಿಂದ್ರಿಸಲಿಲ್ಲ ಅಂತ ಬಂದಾವ. ಬೇಗ ಬಂದು ನಮ್ಮ ಸಂಸಾರ ಹಾಳ ಮಾಡಾಕತ್ತೈತಿ ಅಂತ ಬರದದ್ದು ನನ್ನ ಸರ್ವಿಸಿನ್ಯಾಗ ಇದ ಮೊದಲು.’

೩. ತಗಡಿಗೆ ಬಡದ ಕೈ

ನಮಗ ಸೀಟಿ ಕೊಟ್ಟಾರ. ಅದು ಕಾನೂನಿಗೆ. ಗಾಡಿ ಖರೇ ಹೊಂಡೂದು ಬಾಗಲದ ಬಾಜೂಕಿನ ತಗಡಿಗೆ ಬಡದ್ರ. ಒಂದು ಏಟು ಬಡದ್ರ ನಿಂದ್ರು, ಎರಡು ಏಟು ಬಡದ್ರ ಹೋಗು. ಇಪ್ಪತ್ತೆರಡು ವರ್ಷ ನಾ ಅದ ಜಾಗಾಕ್ಕ ಬಡದು ಬಡದು ಅಲ್ಲೆ ನನ್ನ ಅಂಗೈ ಅಗಲದ ಬಣ್ಣಾ ಹೋಗೈತಿ. ಡ್ರೈವರಗಂತೂ ನನ್ನ ಸೀಟಿ ಕೇಳೂದಿಲ್ಲ, ಏಟು ಕೇಳತೈತಿ.

ಅವತ್ತ ಬಬಲೇಶ್ವರದಾಗ ಮಂದಿ ಹತ್ತಿದ್ರು. ಒಂದು ಏಟು ಬಡದೆ. ಎರಡನೇ ಏಟಿಗೆ ಬಲಗೈ ಮಣಿಕಟ್ಟಿನ್ಯಾಗ ಕಟಕ್ ಅಂತು. ಕಣ್ಣಿಗೆ ಕತ್ತಲಿ ಬಂತು. ನಾ ‘ಯವ್ವಾ’ ಅಂತ ಚೀರಿದೆ. ಡ್ರೈವರ್ ಎರಡು ಏಟು ಕೇಳಿದ್ದ, ಗಾಡಿ ಬಿಟ್ಟ. ಈಗ ನಿಂದ್ರಿಸಬೇಕಂದ್ರ ಇನ್ನೊಂದು ಏಟು ಬಡೀಬೇಕು, ಬಡ್ಯಾಕ ಕೈ ಇಲ್ಲ. ಸೀಟಿ ಊದಿದೆ. ಅಂವಾ ಹಾಡು ಗುಣಗುಣಿಸಿಕೋತ ಹೊಂಟ. ಕಡೀಕ ಬೀಗರ ಮನಿಯಿಂದ ಹೊಳ್ಳಿ ಹೊಂಟಿದ್ದ ಹೊನವಾಡದ ಅಜ್ಜ ಒಬ್ಬ ಹಿಂದಿನ ಸೀಟಿನಿಂದ ಎದ್ದು ತನ್ನ ಬಡಿಗಿಲೆ ತಗಡಿಗೆ ಒಂದು ಏಟು ಹಾಕಿದ. ಗಾಡಿ ಗಕ್ಕನ ನಿಂತಿತು.

ಬಿಜಾಪುರದಾಗ ಒಬ್ಬರು ಹೆಣ್ಣು ಡಾಕ್ಟರ್ ಅದಾರ, ಅವರ ಕಡೆ ಕರಕೊಂಡು ಹೋದ್ರು. ಅವ್ರು ಕೈ ನೋಡೂಕಿಂತ ಮೊದಲ ನನ್ನ ಕುತಗಿ ನೋಡಿದ್ರು, ನಾಡಿ ಹಿಡದ್ರು, ಮುಂದ ಎಡಗೈ ಚಾಚಸಿ ಬೆರಳಿನ ಮ್ಯಾಲ ಒಂದು ಕಾಗದ ಇಟ್ರು. ಕಾಗದ ಪಟಪಟ ಅಂತು. ರಕ್ತಾ ತಪಾಸಣಿ ಆದ ಮ್ಯಾಲ ತಿಳಿಸಿ ಹೇಳಿದ್ರು. ಕುತಗ್ಯಾಗ ಥೈರಾಯ್ಡ್ ಅಂತ ಒಂದು ಗ್ರಂಥಿ ಇರತೈತಿ, ನನ್ನದು ಬೇಕಾದ್ದಕ್ಕಿಂತ ಹೆಚ್ಚು ಕೆಲಸಾ ಮಾಡಾಕತ್ತಿತ್ತು. ನಡುಕಾ, ಬೆವರು, ಹಸಿವಿ, ಸಿಟ್ಟು, ಎಲ್ಲಾ ಅದರ ಕಾರಭಾರ.

‘ಎಲುಬು ಅಂದ್ರ ಒಮ್ಮೆ ಕಟ್ಟಿ ಬಿಟ್ಟ ಗ್ವಾಡಿ ಅಲ್ರಿ’ ಅಂದ್ರು. ‘ಮೈ ಅದನ್ನ ದಿನಾ ಒಂದೀಟು ಕೆಡವತೈತಿ, ದಿನಾ ಒಂದೀಟು ಕಟ್ಟತೈತಿ. ನಿಮ್ಮ ಥೈರಾಯ್ಡ್ ಕೆಡವೂ ಗೌಂಡಿಗೆ ಅವಸರಾ ಹಚ್ಚೈತಿ. ಕಟ್ಟೂ ಗೌಂಡಿಗೆ ಸಾಮಾನು ಮುಟ್ಟವಲ್ದು, ಯಾಕಂದ್ರ ವಿಟಮಿನ್ ಡಿ ತಳಾ ಕಂಡೈತಿ. ಅದಿಲ್ಲದ ಉಂಡ ಸುಣ್ಣದಂಶ ಮೈಗೆ ಹತ್ತೂದಿಲ್ಲ.’

ಸಾಹೇಬ್ರು ನೋಡಾಕ ಬಂದ್ರು. ಒಳ್ಳೆ ಮನಸಿನವರ, ಆದ್ರ ನಿಯಮ ನಿಯಮಾನ. ‘ರೂಟಿಗೆ ಹೋಗಬಹುದು ಅಂತ ಡಾಕ್ಟರ್ ಕಾಗದ ಕೊಡೂತನಕ ಸ್ಟ್ಯಾಂಡಿನ್ಯಾಗ ಗಾಡಿ ಹೆಸರು ಕೂಗೂ ಮೈಕಿಗೆ ಕುಂದರ್ರಿ. ಆರು ತಿಂಗಳಾಗ ಕಾಗದ ಬರಲಿಲ್ಲಂದ್ರ ನಿಮ್ಮ ಜಾಗಾಕ್ಕ ಬ್ಯಾರೆಯವರನ್ನ ಹಾಕಬೇಕಾಗತೈತಿ, ನೀವು ಮೈಕಿಗೇ ಕಾಯಂ’ ಅಂದ್ರು. ನನಗ ಅಳು ಬಂತು. ಕೈ ಮುರದಾಗ ಬಂದಿದ್ದಿಲ್ಲ, ಈಗ ಬಂತು. ಆ ಬಾಗಲಾ ನನ್ನದು, ಆ ಮಂದಿ ನನ್ನವರು. ಅವರ ಜೋಡಿ ಜಗಳಾಡಲಿಲ್ಲಂದ್ರ ನನಗ ಉಂಡದ್ದು ಜೀರ್ಣ ಆಗೂದಿಲ್ಲ.

ಕೈ ಮುರದ ದಿನ ಪ್ಲಾಸ್ಟರ್ ಹಾಕಿದಾಂವ ಮಾತ್ರ ಬ್ಯಾರೆ ಚಿಂತಿ ಮಾಡಿದ್ದ. ‘ತಗಡಿಗೆ ಬಡದ್ರಿ ಅಂದ್ರಲ್ಲ ಬಾಯಾರ, ತಗಡಿಗೆ ಏನಾತು?’

‘ಏನೂ ಆಗಿಲ್ಲ.’

ಅಂವಾ ಪಟ್ಟಿ ಸುತ್ತಿಕೋತ ತಲಿ ಅಲ್ಲಾಡಿಸಿದ. ‘ಹಂಗಾರ ನಿಮ್ಮ ಗಾಡಿ ಎಲುಬು ಗಟ್ಟಿ ಅದಾವ್ರಿ.’

೪. ಒಳಗ ಸರೀರಿ

ಮೈಕಿನ ಕ್ವಾಣಿ ಅಂದ್ರ ನಾಕು ಗ್ವಾಡಿ, ಒಂದು ಸಣ್ಣ ಕಿಡಕಿ, ಒಂದು ಫ್ಯಾನು. ಮಂದಿ ದನಿ ಕೇಳತೈತಿ, ಮಂದಿ ಮಾರಿ ಕಾಣೂದಿಲ್ಲ. ಥೈರಾಯ್ಡಿನ ಗುಳಿಗಿ ಚಾಲೂ ಆಗಿತ್ತು, ಆದ್ರ ಡಾಕ್ಟರ್ ಹೇಳಿದ್ರು, ಅದು ಹಾದಿಗೆ ಬರಾಕ ವಾರಗಟ್ಟಲೆ ಹಿಡೀತೈತಿ ಅಂತ. ಅಲ್ಲೀತನಕ ನನ್ನ ನಾಲಿಗಿ ಹಳೇ ಸ್ಪೀಡಿನ್ಯಾಗ ಇತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ ಮೂರು ಗಾಡಿ ಸುದ್ದಿ ಒಂದ ಉಸರಿನ್ಯಾಗ ಹೇಳಿ ಮುಗಿಸತಿದ್ದೆ. ಮಂದಿ ಕಿಡಕಿಗೆ ಬಂದು, ‘ಬಾಯಾರ, ಈಗ ಹೇಳಿದ್ದು ಯಾವ ಊರು?’ ಅಂದ್ರ, ‘ಮೂರು’ ಅಂತಿದ್ದೆ.

ಒಂದು ಸೋಮವಾರ ಸ್ಟ್ಯಾಂಡ್ ತುಂಬಿತ್ತು. ಮದುವಿ ಮಂದಿ, ಕಾಲೇಜು ಹುಡುಗೂರು, ಸಂತಿ ಚೀಲಾ. ಕಿಡಕಿಯಿಂದ ಆ ಗದ್ದಲಾ ನೋಡಿದೆ, ನನ್ನ ಕೈಯಾಗ ಮೈಕ್ ಐತಿ ಅನ್ನೂದ ಮರತುಹೋತು. ‘ಏ, ಒಳಗ ಸರೀರಿ, ಒಳಗ ಸರೀರಿ, ಬಾಗಲಾ ಬಿಟ್ಟು ಒಳಗ ಜಾಗಾ ಐತಿ’ ಅಂದುಬಿಟ್ಟೆ.

ಅಷ್ಟೂ ಪ್ಲಾಟ್‌ಫಾರ್ಮಿನ ಮಂದಿ, ಒಬ್ಬರೂ ಯಾಕ ಅಂತ ಕೇಳಲಿಲ್ಲ, ನಾಕು ಹೆಜ್ಜಿ ಒಳಗ ಸರದು ನಿಂತ್ರು. ಕಂಟ್ರೋಲರ್ ಸಾಹೇಬ್ರೂ ಕೂಡ ತಮ್ಮ ಖುರ್ಚಿ ಎತ್ಕೊಂಡು ಸರದಿದ್ರು.

೫. ಆ ಮಗ್ಗಲಾ ಹಸಿ ಐತಿ

ವಿಟಮಿನ್ ಡಿ ಕಡಿಮಿ ಐತಿ, ಬಿಸಲಿಗೆ ಕುಂದರ್ರಿ ಅಂದಾಗ ನನಗ ಡಾಕ್ಟರ್ ಮ್ಯಾಲ ಸಿಟ್ಟು ಬಂದಿತ್ತು. ‘ಬಿಜಾಪುರದಾಗ ನೀರಿಗೆ ಬರ ಅನ್ನ್ರಿ, ನೆರಳಿಗೆ ಬರ ಅನ್ನ್ರಿ, ಕೇಳತೇನಿ. ಬಿಸಲಿಗೆ ಬರ ಅಂದ್ರ ಯಾರು ನಂಬತಾರ?’ ಅಂದೆ.

‘ಮನಿ ಎಷ್ಟಕ್ಕ ಬಿಡ್ತೀರಿ?’

‘ಐದಕ್ಕ. ಕತ್ತಲಿ ಇರತೈತಿ.’

‘ಹೊಳ್ಳಿ ಬರೂದು?’

‘ದೀಪಾ ಹಚ್ಚಿದ ಮ್ಯಾಲ.’

‘ನಡುವ?’

‘ಗಾಡ್ಯಾಗ.’

‘ಗಾಡಿ ಮ್ಯಾಲ ಏನೈತಿ?’

ತಗಡು ಐತಿ. ಇಪ್ಪತ್ತೆರಡು ವರ್ಷ ಬಿಸಲಿನ ನಾಡಿನ್ಯಾಗ ನೆರಳಾಗ ತಿರಗೀನಿ ಅಂತ ಅವತ್ತ ತಿಳೀತು. ಮೊದಲು ಗುಳಿಗಿಲೆ ಸೆಕಿ ಕಡಿಮಿ ಆಗಲಿ, ಆಮ್ಯಾಲ ಹತ್ತು ಗಂಟೆ ಮ್ಯಾಲಿನ ಬಿಸಲಿಗೆ ಕೈಕಾಲು ತೋರಿಸಿ ಇಪ್ಪತ್ತು ನಿಮಿಷ ಕುಂದರ್ರಿ, ಅದಕ್ಕೂ ಹೆಚ್ಚು ಬ್ಯಾಡ ಅಂದ್ರು.

ನಮ್ಮ ಅತ್ತಿ ಎಪ್ಪತ್ತೆಂಟು ವರ್ಷದಾಕಿ. ಮಾಳಗಿ ಆಕಿ ರಾಜ್ಯ. ಹಪ್ಪಳಾ, ಸಂಡಿಗಿ, ಮೆಣಸಿನಕಾಯಿ, ಎಲ್ಲಾ ಅಲ್ಲೆ ಒಣಗತಾವ. ನಾ ಬಿಸಲಿಗೆ ಕುಂದರಬೇಕು ಅಂತ ಕೇಳಿದ ಕೂಡ್ಲೆ ಆಕಿ ಮಾರಿ ಅರಳಿತು. ರಜಾ ದಿನ ನನ್ನ ಹಪ್ಪಳದ ನಡುವ ಒಂದು ಮಣಿ ಹಾಕಿ ಕುಂದರಿಸಿ, ಎಡಗೈಯಾಗ ಒಂದು ಕೋಲು ಕೊಟ್ಟಳು. ‘ಕುಂತ ಕುಂತ ಕಾಗಿ ಓಡಿಸು. ಡಾಕ್ಟರ್ ಬ್ಯಾಡ ಅಂದಿಲ್ಲ ಹೌದಿಲ್ಲೊ?’

ಐದು ನಿಮಿಷಕ್ಕೊಮ್ಮೆ ಮ್ಯಾಲ ಬರತಿದ್ದಳು. ಹಪ್ಪಳಾ ಒಂದೊಂದ ತಿರವಿ ಹಾಕಿಕೋತ ನನ್ನ ತನಕ ಬಂದು, ಬೆನ್ನಿಗೆ ಕೈ ಹಚ್ಚಿ ನೋಡಿ, ‘ಹೊಳ್ಳಿ ಕುಂದರ ಬೇ, ಆ ಮಗ್ಗಲಾ ಇನ್ನೂ ಹಸಿ ಐತಿ’ ಅಂತಿದ್ದಳು. ಇಪ್ಪತ್ತು ನಿಮಿಷ ಆಗಿ ನಾ ಕೆಳಗ ಇಳಿಯೂವಾಗ ಬಾಜೂ ಮಾಳಗಿಯಾಕಿ ಕೇಳಿದಳು, ಎಲ್ಲಾ ಒಣಗಿದ್ವೇನ್ರಿ ಅಂತ.

‘ಹಪ್ಪಳಾ ಆದ್ವು’ ಅಂದ್ಳು ಅತ್ತಿ. ‘ಸೊಸಿಗೆ ಇನ್ನೂ ನಾಕು ಬಿಸಲು ಬೇಕು.’

೬. ಊರಿಗೊಂದು ಪುಡಿ

ಬಿಸಲಷ್ಟಕ್ಕ ಸಾಲೂದಿಲ್ಲ ಅಂತ ಡಾಕ್ಟರ್ ಸಣ್ಣ ಪಾಕೀಟಿನ ಪುಡೀನೂ ಬರಕೊಟ್ಟಿದ್ರು. ವಾರಕ್ಕ ಒಂದು, ಹಾಲಿನ್ಯಾಗ ಕಲಿಸಿ ಕುಡ್ಯಾದು. ದಿನಾ ತಗೋಳೂ ಗುಳಿಗಿ ನೆನಪಿರತಾವ, ವಾರಕ್ಕೊಮ್ಮಿದು ನೆನಪಿರೂದಿಲ್ಲ. ಎರಡು ವಾರ ಮರತೆ. ಮೈಕಿನ ಕಿಡಕಿಗೆ ನಮ್ಮ ರೂಟಿನ ಹಳೇ ಮಂದಿ ಮಾತಾಡಸಾಕ ಬರತಿದ್ರಲ್ಲ, ಅವರಿಗೆ ಹೇಳಿದೆ, ‘ಯಪ್ಪಾ, ಯವ್ವಾ, ಸಂತಿ ದಿನ ನನಗ ಪುಡಿ ನೆನಪ ಮಾಡ್ರಿ. ಸಂತಿ ವಾರಕ್ಕೊಮ್ಮೆ ಬರತೈತಿ, ತಪ್ಪೂದಿಲ್ಲ.’

ಭಾಳ ಶ್ಯಾಣ್ಯಾಕಿ ಅಂತ ನನಗ ನಾನ ಬೆನ್ನು ಚಪ್ಪರಿಸಿಕೊಂಡೆ. ಮಂದೀನೂ ಕೊಟ್ಟ ಮಾತಿಗೆ ತಪ್ಪಲಿಲ್ಲ. ತಿಕೋಟಾದ ಬಳಿಗಾರ್ತಿ ಬಂದಳು, ‘ಬಾಯಾರ, ಇವತ್ತ ಸಂತಿ, ಪುಡಿ ಕುಡದ್ರಿಲ್ಲೊ?’ ಕುಡದೆ. ನಾಕು ದಿನ ಬಿಟ್ಟು ಬಬಲೇಶ್ವರದ ಕಾಳಿನ ವ್ಯಾಪಾರಿ ಚೀಲಾ ಹೊತ್ಕೊಂಡು ಕಿಡಕಿಗೆ ಮಾರಿ ಹಚ್ಚಿದ, ‘ಅಕ್ಕಾರ, ಸಂತಿ ಐತ್ರಿ ಇವತ್ತ.’ ಕುಡದೆ. ಹೊನವಾಡದ ಅಜ್ಜ, ಅವತ್ತ ಬಡಿಗಿಲೆ ಗಾಡಿ ನಿಂದ್ರಿಸಿದಾಂವ, ಸಂತಿಗೆ ಹೋಗೂದ ಬಿಟ್ಟು ನನಗ ಹೇಳಾಕಂತ ಬಿಜಾಪುರಕ್ಕ ಬಂದಿದ್ದ. ಆತನ ಪ್ರೀತಿ ನೋಡಿ ಕಣ್ಣಾಗ ನೀರು ಬಂತು. ಅವನೆದುರಿಗೇ ಕುಡದೆ. ಸಂತಿ ಎಷ್ಟು ಲಗೂ ಬರಾಕತ್ತೈತಿ, ವಾರ ಹೆಂಗ ಓಡತಾವ ನೋಡು ಅಂತ ಅನ್ಕೊಂಡೆ ಅಷ್ಟ.

ತಿಂಗಳಿನ ಪಾಕೀಟು ಹತ್ತು ದಿನದಾಗ ಮುಗದಾಗ ಔಷಧ ಅಂಗಡಿಯಾಂವಗ ಸಂಶಯ ಬಂತು. ನನ್ನ ಡಾಕ್ಟರ್ ಕಡೆ ಓಡಿಸಿದ. ಅವ್ರು ಮೊದಲು ರಕ್ತಾ ತಪಾಸಣಿ ಮಾಡಸಿದ್ರು. ಸುಣ್ಣದಂಶ ಅಳತಿ ಮೀರಿದ್ದಿಲ್ಲ, ಬಚಾವ್ ಆದೆ. ಹೆಚ್ಚಾದ್ರ ಇದೂ ತ್ರಾಸ ಕೊಡತೈತಿ, ಒಂದು ತಿಂಗಳು ಪುಡಿ ಮುಟ್ಟಬ್ಯಾಡ್ರಿ ಅಂತ ಗಟ್ಟಿ ದನೀಲೆ ಬೈದ್ರು. ಆಮ್ಯಾಲ ಪೆನ್ ಕೆಳಗಿಟ್ಟು ಕೇಳಿದ್ರು, ‘ನಿಮ್ಮ ರೂಟಿನ್ಯಾಗ ಎಷ್ಟು ಸಂತಿ ಅದಾವು?’

ಬೆರಳು ಮಡಚಿ ಮೂರು ಊರಿನ ಮೂರು ದಿನ ಹೇಳಿದೆ.

‘ನಾ ವಾರಕ್ಕೊಂದು ಅಂದಿದ್ದೆ ಬಾಯಾರ’ ಅಂದ್ರು. ‘ಊರಿಗೊಂದು ಅಂದಿದ್ದಿಲ್ಲ.’

೭. ಬೇಡಿಕಿ ಇಲ್ಲದ ಸ್ಟ್ರೈಕ್

ಇಟ್ಟಂಗಿಹಾಳದಾಗ ಹದಿನೆಂಟು ಹೆಣ್ಣಾಳು ನಮ್ಮ ಗಾಡಿ ಹತ್ತಿ ಘೋಣಸಗಿ ಕಡೆ ದ್ರಾಕ್ಷಿ ತೋಟಕ್ಕ ಹೋಗತಾರ. ಅವರನ್ನ ಕೂಡಿಸಿ ಕರಕೊಂಡು ಹೋಗಾಕಿಗೆ ಎಲ್ಲಾರೂ ಮುಕಾದಮ್ ಅಕ್ಕ ಅಂತಾರ. ಗಂಡನ ತುಂಬು ತೋಳಿನ ಅಂಗಿ ಸೀರಿ ಮ್ಯಾಲ, ತಲಿ ಮಾರಿ ಸುತ್ತ ಟವೆಲ್, ಕೈಗೆ ಬೆರಳು ಕತ್ತರಿಸಿದ ಕಾಲಚೀಲ. ಕಾಣೂದು ಎರಡು ಕಣ್ಣು ಮಾತ್ರ. ಒಂದಿನ ಆಕಿ ಮೈಕಿನ ಕಿಡಕಿಗೆ ಬಂದು ಮೊಣಕಾಲು ಹಿಡ್ಕೊಂಡು ಕುಂತಳು. ‘ಮೈಯೆಲ್ಲಾ ನೋವು ಬಾಯಾರ. ಎಲುಬಿನ್ಯಾಗ ಯಾರೋ ಕುಟ್ಟಿದಂಗ ಆಕ್ಕೈತಿ.’

ನಾನ ಡಾಕ್ಟರ್ ಕಡೆ ಕರಕೊಂಡು ಹೋದೆ. ಆಕಿ ಥೈರಾಯ್ಡ್ ಸರಿ ಇತ್ತು. ವಿಟಮಿನ್ ಡಿ ಮಾತ್ರ ನನ್ನದಕ್ಕಿಂತ ಕೆಳಗ. ದಿನಪೂರ್ತಿ ಬಿಸಲಾಗ ದುಡಿಯಾಕಿಗೆ ಬಿಸಲಿನ ಕೊರತಿ. ಬಿಸಲು ಅಂಗಿಗೆ ಬಿತ್ತು, ಟವೆಲ್ಲಿಗೆ ಬಿತ್ತು, ಆಕಿಗೆ ಬೀಳಲಿಲ್ಲ. ಡಾಕ್ಟರ್ ಗುಳಿಗಿ ಬರದು, ತೋಳು ಮ್ಯಾಲೇರಸ್ರಿ ಅಂದಾಗ ಆಕಿ ಒಪ್ಪಲಿಲ್ಲ.

‘ಡಾಕ್ಟರ್ರ, ದ್ರಾಕ್ಷಿನ ಬಿಸಲಿಗೆ ಒಣಗಿಸಿದ್ರ ಕರ್ರಗ ಆಕ್ಕೈತಿ. ನೆರಳಾಗ ಒಣಗಿಸಿದ್ರ ಹಸರ ಇರತೈತಿ, ಅದಕ್ಕ ಚಲೋ ರೇಟ್ ಐತಿ. ನಾ ಯಾವ ರೇಟಿಗೆ ಹೋಗಬೇಕಂತೀರಿ?’

‘ಒಣಗಿದ ದ್ರಾಕ್ಷಿಗೆ ಎಲುಬಿರೂದಿಲ್ಲವಾ’ ಅಂದ್ರು ಡಾಕ್ಟರ್. ಮುಕಾದಮ್ ಅಕ್ಕ ದಾರಿ ತುಂಬಾ ಅದನ್ನ ವಿಚಾರ ಮಾಡಿಕೋತ ಹೋದಳು.

ಮರುದಿನ ಬುತ್ತಿ ಉಂಡ ಮ್ಯಾಲ ಹದಿನೆಂಟೂ ಹೆಣ್ಣಮಕ್ಕಳು ಟವೆಲ್ ತಗದು, ತೋಳು ಮಡಚಿ, ತೋಟದ ಮುಂದಿನ ಬಯಲಾಗ ಸಾಲಾಗಿ ಬಿಸಲಿಗೆ ಕುಂತ್ರು. ಯಾರೂ ಮಾತಾಡಲಿಲ್ಲ, ಯಾಕಂದ್ರ ಮುಕಾದಮ್ ಅಕ್ಕ ನಿಮಿಷ ಎಣಸಾಕತ್ತಿದ್ದಳು. ತೋಟದ ಮಾ‌ಲೀಕ ದೂರಿಂದ ನೋಡಿದ. ದ್ರಾಕ್ಷಿ ಕೊಯ್ಯೂ ಹಂಗಾಮು, ಹೆಣ್ಣಾಳು ಸಾಲಾಗಿ ಸುಮ್ಮನ ಕುಂತಾವ. ಸ್ಟ್ರೈಕ್ ಅಂತ ತಿಳಕೊಂಡ. ಓಡಿಕೋತ ಬಂದು, ‘ಏನ್ ನಿಮ್ಮ ಬೇಡಿಕಿ? ಕುಂತು ಮಾತಾಡೂಣು’ ಅಂದ.

‘ಬೇಡಿಕಿ ಏನಿಲ್ರಿ. ಎಲುಬು ತುಂಬಾಕತ್ತೇವಿ.’

ಆತಗ ಇದು ಇನ್ನೂ ದೊಡ್ಡ ಹೂಟ ಅನಿಸಿತು. ಮನಿಗೆ ಫೋನ್ ಮಾಡಿ ಎರಡು ಕೊಡ ಮಜ್ಜಿಗಿ ತರಸಿ ಎಲ್ಲಾರಿಗೂ ಕುಡಿಸಿದ. ಇಪ್ಪತ್ತು ನಿಮಿಷ ಮುಗದಿತ್ತು, ಹೆಣ್ಣಮಕ್ಕಳು ಮಜ್ಜಿಗಿ ಕುಡದು ಎದ್ದು ಕೆಲಸಕ್ಕ ಹೋದ್ರು. ತಾ ಮಜ್ಜಿಗಿ ಕೊಟ್ಟದ್ದಕ್ಕ ಸ್ಟ್ರೈಕ್ ಮುರೀತು ಅಂತ ಆತ ಇವತ್ತಿನ ತನಕ ನಂಬ್ಯಾನ, ಹೊಳ್ಳಿ ಕುಂದರಬಾರದಂತ ದಿನಾ ಎರಡು ಕೊಡ ಕಳಸತಾನ.

೮. ಎರಡು ಏಟು

ಆರು ತಿಂಗಳಿಗೆ ಇನ್ನ ನಾಕು ದಿನ ಇದ್ದಾಗ ಡಾಕ್ಟರ್ ಎದುರಿಗೆ ಕುಂತೆ. ಬೆರಳಿನ ಮ್ಯಾಲ ಹೊಳ್ಳಿ ಕಾಗದ ಇಟ್ರು. ಕಾಗದ ಅಲ್ಲಾಡಲಿಲ್ಲ, ನಾ ಉಸರು ಬಿಗಿ ಹಿಡದಿದ್ದೆ. ಥೈರಾಯ್ಡ್ ಹಾದಿಗೆ ಬಂದಿತ್ತು, ವಿಟಮಿನ್ ಡಿ ಏರಿತ್ತು, ಮುರದ ಎಲುಬು ಕೂಡಿತ್ತು. ‘ನನ್ನ ಕೈ ಹಿಚಕ್ರಿ ನೋಡೂಣು’ ಅಂದ್ರು. ಆರು ತಿಂಗಳಿನ ಮೈಕು, ಕಾಗಿ, ಹಪ್ಪಳಾ ಎಲ್ಲಾ ನೆನಸಿಕೊಂಡು ಹಿಚಕಿದೆ. ‘ಸಾಕು, ಸಾಕ್ರಿ, ನಾ ಇನ್ನೂ ಬರಕೊಡಬೇಕು ಈ ಕೈಲೆ’ ಅಂದ್ರು. ಕಾಗದ ಕೊಡೂವಾಗ ಒಂದು ಮಾತು ತಗೊಂಡ್ರು. ಎಲುಬು ಪೂರ್ತಿ ತುಂಬಾಕ ಇನ್ನೂ ದಿನ ಹಿಡೀತೈತಿ, ಗುಳಿಗಿ ಬಿಡಬಾರದು, ತಗಡಿಗೆ ಕೈ ಹಚ್ಚಬಾರದು. ನಾ ದೇವರಾಣಿ ಮಾಡಿದೆ.

ಆ ಕಾಗದ ಸಾಹೇಬ್ರ ಟೇಬಲ್ ಮ್ಯಾಲ ಇಟ್ಟಾಗ ನನ್ನ ಸಂತೋಷ ನನಗ ತಡಕೊಳ್ಳಾಕ ಆಗಲಿಲ್ಲ. ಮರುದಿನ ಮುಂಜಾನಿ ಗಾಡಿ ಮುಂದ ಡ್ರೈವರ್ ನಿಂತಿದ್ದ. ಕಿಡಕಿ ಎಲ್ಲಾ ಒರಸಿದ್ದ. ‘ಬಂದ್ರಿ’ ಅಂದ. ಆತನ ಬಾಯಾಗ ಅದು ದೊಡ್ಡ ಭಾಷಣ.

ಸ್ಟ್ಯಾಂಡಿನ್ಯಾಗ ಕಂಟ್ರೋಲರ್ ಕೈ ಮಾಡಿದ್ರು, ಗಾಡಿ ಹೊಂಟಿತು. ಇಟ್ಟಂಗಿಹಾಳದಾಗ ಮುಕಾದಮ್ ಅಕ್ಕ ತನ್ನ ಹದಿನೇಳು ಮಂದಿ ಜೋಡಿ ಹತ್ತಿದಳು, ಈ ಸಲ ಮೊಣಕಾಲು ಹಿಡ್ಕೊಂಡಿದ್ದಿಲ್ಲ. ನನ್ನ ನೋಡಿ ಎಲ್ಲಾರೂ ಗದ್ದಲಾ ಮಾಡಿದ್ರು. ‘ಬಾಯಾರ, ಬೈರಿ ನಮಗ ಒಂದ್ಸಲ, ಆರು ತಿಂಗಳಾತು’ ಅಂದ್ರು. ಬೈದೆ. ಕಿಡಕಿ ಬಾಜೂಕ ಕುಂತು ಎಲ್ಲಾರೂ ಖುಷಿಪಟ್ರು.

ನಾ ಸೀಟಿ ಊದಿದೆ. ಗಾಡಿ ಹೊಂಡಲಿಲ್ಲ. ಇನ್ನೊಮ್ಮೆ ಊದಿದೆ.

‘ಏನಾತಪಾ?’

‘ಕಾಲು ಏಳವಲ್ದ್ರಿ ಅಕ್ಕಾರ. ಹನ್ನೊಂದು ವರ್ಷ ಎರಡು ಏಟಿಗೆ ಎದ್ದ ಕಾಲು ಐತಿ. ಸೀಟಿಗೆ ಎಬ್ಬಸಾಕತ್ತೇನಿ, ಏಳವಲ್ದು.’

ಹೋದ ವರ್ಷದ ನಾ ಆಗಿದ್ರ ಆತನ ಕಾಲಿಗೇ ಎರಡು ಏಟು ಹಾಕತಿದ್ದೆ. ಈಗ ಸಿಟ್ಟು ಬರಲಿಲ್ಲ. ಆದ್ರ ನನ್ನ ಬಲಗೈ ತಾನ ಎದ್ದು ತಗಡಿನ ಹಂತ್ಯಾಕ ಹೋತು. ದೇವರಾಣಿ ನೆನಪಾತು. ಕೈ ಗಾಳ್ಯಾಗ ಹಂಗ ನಿಂತಿತು. ಇಳಸಾಕ ಮನಸಿಲ್ಲ, ಬಡ್ಯಾಕ ಆಣಿ ಬಿಡವಲ್ದು. ಹೊನವಾಡಕ್ಕ ಎಂಟಕ್ಕ ಮುಟ್ಟಬೇಕು, ಮೊದಲ ದಿನಾನ ಹಿಂಗಾದ್ರ ಸಾಹೇಬ್ರು ಹೊಳ್ಳಿ ಮೈಕಿಗೆ ಕಳಸತಾರ ಅಂತ ಎದಿ ಡಬಡಬ ಅಂತು, ಈ ಸಲ ಥೈರಾಯ್ಡಿಂದಲ್ಲ.

ಮುಕಾದಮ್ ಅಕ್ಕ ನನ್ನ ಕೈ ನೋಡಿದಳು. ಆಮ್ಯಾಲ ತನ್ನ ಗಂಡನ ಅಂಗಿ ತೋಳು ಮೊಣಕೈ ತನಕ ಮಡಚಿದಳು.

‘ನೀವು ಸುಮ್ಮನ ನಿಂದರ್ರಿ ಬಾಯಾರ. ಏ, ಎಲ್ಲಾರೂ ಕೈ ಹೊರಗ ಹಾಕ್ರಿ.’

ಕಿಡಕಿ ಕಿಡಕಿಯಿಂದ ಕೈ ಹೊರಗ ಬಂದ್ವು. ತಿಂಗಳುಗಟ್ಟಲೆ ಬಿಸಲು, ಮಜ್ಜಿಗಿ ಕಂಡ ಕೈ. ‘ಒಂದು’ ಅಂದಳು, ತಗಡು ಗುಡುಗಿತು. ‘ಎರಡು’ ಅಂದಳು. ಗಾಡಿ ಗಕ್ಕನ ಹೊಂಟಿತು, ಅದರ ಹಿಂದ ಬಾಗಲದ ಬಾಜೂಕಿನ ತಗಡು, ನನ್ನ ಕೈ ಮುರದ ತಗಡು, ಸ್ಕ್ರೂ ಕಿತ್ಕೊಂಡು ರೋಡಿಗೆ ಧಡ್ ಅಂತ ಬಿತ್ತು. ಡ್ರೈವರಗ ಅದು ಒಂದು ಏಟು ಕೇಳಿಸಿತು. ನಿಂದ್ರಿಸಿದ.

ನಾ ಇಳದೆ. ಆ ತಗಡನ್ನ ಬಲಗೈಲೆ ಎತ್ತಿದೆ. ಮಣಿಕಟ್ಟು ಒಂದು ಮಾತೂ ಅನಲಿಲ್ಲ. ನಡು ರೋಡಿನ್ಯಾಗ ತಗಡು ಹಿಡ್ಕೊಂಡು ನಾ ನಗಾಕ ಹತ್ತಿದೆ, ಗಾಡ್ಯಾಗಿನ ಮಂದಿ ನಗಾಕ ಹತ್ತಿದ್ರು. ಅಷ್ಟಾದ್ರೂ ಅವತ್ತ ಹೊನವಾಡಕ್ಕ ಸರಿಯಾಗಿ ಎಂಟಕ್ಕ ಮುಟ್ಟಿದ್ವಿ.

ಸಂಜೀಕ ಡಿಪೋದಾಗ ಗಾಡಿ ದುರಸ್ತಿ ಬುಕ್ ತುಂಬಬೇಕು. ಡ್ರೈವರ್ ಭಾಳೊತ್ತು ಪೆನ್ ಕಚ್ಚಿಕೊಂಡು ಕುಂತು, ಆಮ್ಯಾಲ ಸರಕಾರಿ ಭಾಷೆಯಾಗ ಬರದ. ‘ದೋಷ: ಬಾಗಿಲ ಪಕ್ಕದ ತಗಡು ಕಿತ್ತು ಬಿದ್ದಿದೆ. ಕಾರಣ: ಹೆಣ್ಣುಮಕ್ಕಳ ಎಲುಬುಗಳು ಗಟ್ಟಿಯಾಗಿವೆ.’

ಸಾಹೇಬ್ರು ಅದನ್ನ ಎರಡು ಸಲ ಓದಿದ್ರು, ಒಂದು ಸಲ ನನಗ, ಒಂದು ಸಲ ತಮಗ. ನನ್ನ ಕೈ ನೋಡಿದ್ರು, ತಗಡು ನೋಡಿದ್ರು. ಕೆಳಗ ತಮ್ಮ ಆದೇಶ ಬರದು ಸಹಿ ಹಾಕಿದ್ರು.

‘ಗಾಡಿಯನ್ನು ದಿನಾಲು ಇಪ್ಪತ್ತು ನಿಮಿಷ ಬಿಸಿಲಿಗೆ ನಿಲ್ಲಿಸತಕ್ಕದ್ದು.’